ಕಾಫಿ ಗಿಡದ ಕೋಲು

ಹವಾಲ್ದಾರ್ ಪಳಂಗಪ್ಪನವರು ಜೀಪಿನಿಂದ ಇಳಿಸಿದ್ದು
ಗೋಣಿಯಲ್ಲಿ ಸುತ್ತಿದ, ಸೊಂಟ ಮುರಿದ ಒಂದು ಯಂತ್ರ.
ಕೆಳಗೆ ತಟ್ಟೆ, ಮೇಲೆ ಹಿಡಿ, ಹಿಡಿಗೊಂದು ಡಬ್ಬಿ,
ನಡುವೆ ತುಂಡಾದ ದಂಡ,
ಕರುಳಿನ ಹಾಗೆ ಜೋತಾಡುವ ಕರಿ ವೈರು.
"ಹೇಗೆ ಮುರೀತು?" ಅಂದೆ.
"ಹಂದಿ" ಅಂದರು.
ಬಡಿದರೋ ಬಿದ್ದರೋ, ಹೇಳಲಿಲ್ಲ.

ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ.
ಕಳೆ ಕೊಚ್ಚುವ ಮಿಷನ್ನು, ಔಷಧಿ ಪಂಪು, ಸ್ಪ್ರಿಂಕ್ಲರ್ ಜೆಟ್ಟು,
ಜೂನ್ ಬಂತೆಂದರೆ ಕೊಡೆ.
ಲೋಹ ಹುಡುಕುವುದು ಬಂದದ್ದು ಇದೇ ಮೊದಲು.

ಸೇನೆಯಲ್ಲಿ ಇಂಥದನ್ನೇ ಹಿಡಿದು
ಹೆಜ್ಜೆ ಹೆಜ್ಜೆಗೂ ನೆಲದ ಬಾಯಿ ಕೇಳುತ್ತಿದ್ದವರು.
ಇದು ಮಾತ್ರ ಪಠಾಣ್‌ಕೋಟ್ ಗುಜರಿಯಲ್ಲಿ ಕೊಂಡದ್ದು.
ಈಗ ಊರವರು ಕರೆದಲ್ಲಿ ಹೋಗುತ್ತಾರೆ:
ಕಣದಲ್ಲಿ ಬಿದ್ದ ಮೂಗುಬೊಟ್ಟಿಗೆ,
ನಾಟಿ ಗದ್ದೆ ನುಂಗಿದ ಉಂಗುರಕ್ಕೆ.
ಗುಡ್ಡ ಜಾರಿದ ವರ್ಷ ಒಂದು ಬೀಗದ ಕೈ ಸಿಕ್ಕಿತಂತೆ.
ಬೀಗ ಇಲ್ಲ, ಬಾಗಿಲಿಲ್ಲ, ಬಾಗಿಲಿದ್ದ ಜಾಗವೂ ಇಲ್ಲ.
ಆಕೆ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದಳಂತೆ.
ಕೂಲಿ ಒಂದು ಲೋಟ ಬೆಲ್ಲದ ಕಾಫಿ.

ನಾನು ಮೊದಲು ಸ್ಟೀಲ್ ಪೈಪ್ ಕೂರಿಸಿದೆ.
ಸ್ವಿಚ್ ಒತ್ತಿದ್ದೇ ತಡ, ಅರಚಾಟ.
ಬಾನೆಗೆ ಒಯ್ದರೂ ಅರಚಾಟ, ಬೆಂಚಿನ ಮೇಲೂ ಅರಚಾಟ.
ಪಳಂಗಪ್ಪನವರು ಮೀಸೆಯೊಳಗೇ ನಕ್ಕರು.
"ಅದಕ್ಕೀಗ ತನ್ನ ಮೂಳೆ ಬಿಟ್ಟು ಬೇರೇನೂ ಕೇಳಿಸ್ತಿಲ್ಲ."

ಪಿವಿಸಿ ಬಳುಕಿತು. ಬಿದಿರು ಸೀಳಿತು.
ಮೂರನೇ ದಿನ ಅವರೇ ಒಂದು ಕೋಲು ತಂದರು:
ಅರೇಬಿಕಾ ಗಿಡದ ನೆಟ್ಟನೆ ಕಾಂಡ,
ಅಡುಗೆಮನೆ ಅಟ್ಟದ ಹೊಗೆಯಲ್ಲಿ ಎರಡು ವರ್ಷ ಒಣಗಿದ್ದು.
"ನಂಗೇ ಬೇಕಾಗುತ್ತೆ ಅಂತ ಇಟ್ಟಿದ್ದೆ.
ಇದರ ಕಾಲು ಮೊದಲು ಹೋಯ್ತು."

ಗಾಜಿನ ಚೂರಿನಿಂದ ಹೆರೆದೆ. ಗಂಟುಗಳನ್ನು ಹಾಗೇ ಬಿಟ್ಟೆ.
ಸ್ಕ್ರೂ ಹಾಕುವಂತಿಲ್ಲ, ಮೊಳೆಯಂತೂ ಇಲ್ಲವೇ ಇಲ್ಲ:
ಬಿದಿರಿನ ಗೂಟ, ಅರಾಲ್ಡೈಟು,
ಮೇಲೆ ಗಾಳದ ನೂಲು ಎಪ್ಪತ್ತು ಸುತ್ತು, ಜೇನುಮೇಣ.
ವೈರು ಸುತ್ತುವಾಗ ಪಕ್ಕದಲ್ಲೇ ನಿಂತು ಹೇಳಿಕೊಟ್ಟರು:
"ಬಿಗಿದರೆ ಕಡಿಯುತ್ತೆ.
ಸಡಿಲ ಬಿಟ್ಟರೆ, ಇಲ್ಲದ್ದನ್ನು ಇದೆ ಅನ್ನುತ್ತೆ."

ಅಂಗಳದಲ್ಲಿ ಒಂದು ರೂಪಾಯಿ ಎಸೆದೆ.
ಕಣ್ಣು ಮುಚ್ಚಿಕೊಂಡೇ ಅದರ ಮೇಲೆ ಹೋಗಿ ನಿಂತರು.
ಕೋಲು ಅಲುಗಲಿಲ್ಲ. ನನಗೆ ಒಳಗೊಳಗೇ ಜಂಬ.
ವಾಪಸು ಬರುವಾಗ, ಹೊಸ್ತಿಲ ಹತ್ತಿರ,
ತಟ್ಟೆ ಮತ್ತೆ ಕೂಗಿತು.

"ವೈರು ಸಡಿಲ ಇರಬೇಕು" ಅಂದೆ.
ಅವರು ತಲೆಯಾಡಿಸಿ ಹಾರೆ ಕೇಳಿದರು.

ಗೇಣು ಆಳದಲ್ಲಿ, ಗ್ರೀಸು ಕುಡಿದ ಮಣ್ಣಿನಲ್ಲಿ,
ಒಂದು ಸ್ಪಾನರ್.
ಸೀಮೆಎಣ್ಣೆಯಲ್ಲಿ ಉಜ್ಜಿದಾಗ ತುಕ್ಕಿನಡಿಯಿಂದ ಅಂಕಿ ಎದ್ದಿತು:
ಹತ್ತು.

ಮೂರು ವರ್ಷದ ಹಿಂದೆ
ಇದೇ ಹೊಸ್ತಿಲ ಮೇಲೆ ಕೂತು ಕಾರ್ಬೊರೇಟರ್ ತೊಳೆಯುತ್ತಿದ್ದ
ಹಾಡಿಯ ಹುಡುಗ ಮುತ್ತ.
ಅವನ ಜೇಬು ಹೊರಗೆ ಎಳೆದಿದ್ದೆ ನಾನು, ಜನರ ಎದುರು.
ಒಂದು ಬೀಡಿ, ಎರಡು ಸೀಬೆಕಾಯಿ ಉದುರಿದ್ದವು.
ಸೀಬೆಕಾಯಿ ಎತ್ತಿಕೊಂಡ. ಬೀಡಿ ಬಿಟ್ಟ.
ಮರುದಿನ ಬರಲಿಲ್ಲ.
ಬರಲಿಲ್ಲವಲ್ಲ, ಅದೇ ಸಾಕ್ಷಿ ಅಂದುಕೊಂಡೆ.

ಪಳಂಗಪ್ಪನವರು ಏನೂ ಕೇಳಲಿಲ್ಲ.
"ಎಷ್ಟಾಯ್ತು?" ಅಂದರು. ಲೆಕ್ಕ ಹೇಳಲು ಬಾಯಿ ಬರಲಿಲ್ಲ.
ಯಂತ್ರವನ್ನು ಹೆಗಲಿಗೇರಿಸಿ ಜೀಪಿನತ್ತ ಹೊರಟರು,
ಒಮ್ಮೆಯೂ ಅದನ್ನು ಊರದೆ.

ಗೋಡೆಯ ಹಲಗೆಯಲ್ಲಿ ನನ್ನ ಸ್ಪಾನರುಗಳದ್ದು
ಒಂದೊಂದಕ್ಕೂ ಬಣ್ಣದ ಗೆರೆ, ಒಂದೊಂದು ಮೊಳೆ.
ಎಂಟು, ಒಂಬತ್ತು, ಆಮೇಲೆ ಒಂದು ಖಾಲಿ ಆಕಾರ.
ಹತ್ತು ನನ್ನ ಜೇಬಿನಲ್ಲಿದೆ.
ಮುತ್ತ ಈಗ ಕುಟ್ಟದ ಕಡೆ ಮೆಣಸು ಕೊಯ್ಯಲು ಹೋಗುತ್ತಾನಂತೆ.
ಭಾನುವಾರ ಬಸ್ಸಿದೆ.
ಹೋದ ಭಾನುವಾರವೂ ಇತ್ತು.